ವಂಶದ ದಾಖಲೆ, ಊರಿನ ಸೇವೆ: ಅಮೆರಿಕದ ‘ಡಿಎಆರ್’ ಮಹಿಳಾ ಸಂಘವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ: ನಾವು ಅಮೆರಿಕದ ವರ್ಜೀನಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬ. ನಾನೂ ನನ್ನ ಪತಿಯೂ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ದಿನ ಕೆಲವು ಹಿರಿಯ ಮಹಿಳೆಯರು ಬಂದು ಎಲ್ಲರ ಕೈಗೂ ಪುಟ್ಟ ಧ್ವಜ ಕೊಟ್ಟು ಶುಭ ಹಾರೈಸಿದರು. ಅವರು ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಸಂಘದ ನಮ್ಮೂರಿನ ಶಾಖೆಯವರೆಂದು ಆಮೇಲೆ ತಿಳಿಯಿತು. ಈಗ ಏಳನೆಯ ತರಗತಿಯಲ್ಲಿರುವ ಮಗಳು ಅದೇ ಸಂಘದ ಇತಿಹಾಸ ಪ್ರಬಂಧ ಸ್ಪರ್ಧೆಗೆ ಬರೆಯುತ್ತೇನೆ ಎನ್ನುತ್ತಿದ್ದಾಳೆ. ಆದರೆ ಪರಿಚಿತರೊಬ್ಬರು, ಅದು ಹುಟ್ಟು ನೋಡಿ ಸದಸ್ಯತ್ವ ಕೊಡುವ ಸಂಘ, ಹಿಂದೆ ಕಪ್ಪು ಗಾಯಕಿಯೊಬ್ಬರಿಗೆ ಸಭಾಂಗಣವನ್ನೇ ನಿರಾಕರಿಸಿತ್ತು ಎಂದರು. ಇಂಥ ಸಂಘದ ಸಮಾಜಸೇವೆಯನ್ನು ಹೇಗೆ ನೋಡಬೇಕು? ಮಗಳು ಬರೆಯಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮ ಮಗಳು ಖಂಡಿತವಾಗಿ ಬರೆಯಬಹುದು. ಐದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗಾಗಿ ನಡೆಯುವ ಆ ಸ್ಪರ್ಧೆಗೂ ಸಂಘದ ಸದಸ್ಯತ್ವಕ್ಕೂ ಸಂಬಂಧವಿಲ್ಲ. ಮಗುವಿನ ಪೂರ್ವಜರು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಪರಿಚಿತರು ಹೇಳಿದ್ದೂ ನಿಜವೇ. ಈ ಎರಡು ಸಂಗತಿಗಳು ಒಂದೇ ಸಂಘದಲ್ಲಿ ಹೇಗೆ ಕೂಡಿ ಬಂದವು ಎಂಬುದನ್ನು ತಿಳಿಯಲು ಅದರ ಇತಿಹಾಸಕ್ಕೆ ಹೋಗಬೇಕು. ನನ್ನ ಅಭಿಪ್ರಾಯದಲ್ಲಿ ಈ ಸಂಘದ ನಿಜವಾದ ಬೆಲೆಯಿರುವುದು ವಾಷಿಂಗ್ಟನ್ನಿನ ಅಮೃತಶಿಲೆಯ ಕಟ್ಟಡಗಳಲ್ಲಿ ಅಲ್ಲ, ಊರೂರಿನ ಶಾಖೆಗಳು ಸಮಾಧಿಕಲ್ಲುಗಳ ಮುಂದೆಯೂ ಹಳೆಯ ಕಾಗದಗಳ ನಡುವೆಯೂ ಕುಳಿತು ಮಾಡಿದ ಕೆಲಸದಲ್ಲಿ. ಸಂಘವು ತನ್ನ ಇತಿಹಾಸದಲ್ಲಿ ಅತಿ ಕೆಟ್ಟದಾಗಿ ಎಡವಿದ್ದು, ಆ ಕಾಗದಗಳು ಹೇಳುತ್ತಿದ್ದುದನ್ನೇ ಅದು ಕಡೆಗಣಿಸಿದ ಕಾಲದಲ್ಲಿ.

ಡಿಎಆರ್ ಎಂದೇ ಎಲ್ಲರೂ ಕರೆಯುವ ಈ ಸಂಘ ಹುಟ್ಟಿದ್ದು ಒಂದು ನಿರಾಕರಣೆಯಿಂದ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹೋರಾಡಿದವರ ವಂಶಜರು 1889ರಲ್ಲಿ ‘ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಸಂಘ ಕಟ್ಟಿಕೊಂಡರು; ಮರುವರ್ಷವೇ ಮಹಿಳೆಯರಿಗೆ ಅದರಲ್ಲಿ ಸ್ಥಾನವಿಲ್ಲವೆಂದು ತೀರ್ಮಾನಿಸಿದರು. ಇದನ್ನು ಓದಿ ಕೆರಳಿದ ಮೇರಿ ಸ್ಮಿತ್ ಲಾಕ್‌ವುಡ್ ಎಂಬ ಲೇಖಕಿ 1890ರ ಜುಲೈ 13ರಂದು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಹ್ಯಾನಾ ಆರ್ನೆಟ್ ಎಂಬಾಕೆಯ ಕಥೆಯನ್ನು ಬರೆದು, ಇಂಥ ಹೆಂಗಸರ ದೇಶಪ್ರೇಮಕ್ಕೆ ಲೆಕ್ಕವಿಲ್ಲವೇ ಎಂದು ಪ್ರಶ್ನಿಸಿದರು. 1776ರಲ್ಲಿ ನ್ಯೂಜೆರ್ಸಿಯ ಎಲಿಜಬೆತ್‌ಟೌನಿನಲ್ಲಿ ಊರಿನ ಗಂಡಸರೆಲ್ಲ ಸೇರಿ ಬ್ರಿಟಿಷರ ಕ್ಷಮಾದಾನವನ್ನು ಒಪ್ಪಿಕೊಳ್ಳಲು ಹೊರಟಿದ್ದಾಗ, ಈಕೆ ಸಭೆಯೊಳಕ್ಕೆ ನುಗ್ಗಿ, ಶರಣಾದರೆ ತಾನು ಗಂಡನನ್ನೇ ತೊರೆಯುವುದಾಗಿ ಹೇಳಿ ಅವರ ಮನಸ್ಸನ್ನು ತಿರುಗಿಸಿದಳೆಂಬುದು ಆ ಕಥೆ. ಕೆಲವೇ ದಿನಗಳಲ್ಲಿ ಹ್ಯಾನಾಳ ಮರಿಮಗ ವಿಲಿಯಂ ಮ್ಯಾಕ್‌ಡೋವೆಲ್ ಅದೇ ಪತ್ರಿಕೆಗೆ ಬರೆದು, ಮಹಿಳೆಯರು ಸ್ವಂತ ಸಂಘ ಕಟ್ಟುವುದಾದರೆ ತಾನು ನೆರವಾಗುವುದಾಗಿ ತಿಳಿಸಿದರು. ಅಕ್ಟೋಬರ್ 11ರಂದು ಲಾಕ್‌ವುಡ್ ಅವರು ನಡೆಸುತ್ತಿದ್ದ ವಸತಿಗೃಹದಲ್ಲಿ ಹದಿನೆಂಟು ಮಹಿಳೆಯರು ಕೂಡಿ ಡಿಎಆರ್ ಸ್ಥಾಪಿಸಿದರು.

ಸ್ಥಾಪಕಿಯರೆಂದು ಸಂಘ ಗೌರವಿಸುವ ನಾಲ್ವರು ಲಾಕ್‌ವುಡ್, ಮೇರಿ ಡೇಶಾ, ಎಲೆನ್ ಹಾರ್ಡಿನ್ ವಾಲ್‌ವರ್ತ್ ಮತ್ತು ಯುಜೀನಿಯಾ ವಾಷಿಂಗ್ಟನ್. ಇವರನ್ನು ಸಿರಿವಂತ ಮನೆತನಗಳ ಬಿಡುವಿನ ಹೆಂಗಸರೆಂದು ಊಹಿಸಿಕೊಳ್ಳುವುದು ತಪ್ಪು. ಡೇಶಾ ಶಿಕ್ಷಕಿಯಾಗಿದ್ದು ನಂತರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದವರು. ಜಾರ್ಜ್ ವಾಷಿಂಗ್ಟನ್ನರ ಸೋದರನ ವಂಶದ ಯುಜೀನಿಯಾ ಅಂಚೆ ಇಲಾಖೆಯಲ್ಲಿ ದುಡಿಯುತ್ತಿದ್ದರು. ವಾಲ್‌ವರ್ತ್ ಶಾಲೆ ನಡೆಸಿ ಮಕ್ಕಳನ್ನು ಸಾಕಿದವರು. ಮತದಾನದ ಹಕ್ಕೂ ಇಲ್ಲದ ಕಾಲದಲ್ಲಿ ಸ್ವಂತ ದುಡಿಮೆಯಿಂದ ಬದುಕುತ್ತಿದ್ದ ಈ ಹೆಂಗಸರು, ದೇಶದ ಹುಟ್ಟಿನಲ್ಲಿ ತಮ್ಮ ಅಜ್ಜಿಯರ ಪಾಲೂ ಇದೆ ಎಂದು ದಾಖಲೆಯ ಸಮೇತ ಹೇಳಲು ಹೊರಟರು. ಆಗಿನ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನರ ಪತ್ನಿ ಕ್ಯಾರೊಲಿನ್ ಸ್ಕಾಟ್ ಹ್ಯಾರಿಸನ್ ಸಂಘದ ಮೊದಲ ಅಧ್ಯಕ್ಷೆಯಾಗಲು ಒಪ್ಪಿದ್ದರಿಂದ ಅದಕ್ಕೆ ಬೇಗನೆ ಮನ್ನಣೆ ದೊರೆಯಿತು. ಮೊದಲ ಶಾಖೆ 1891ರ ಮಾರ್ಚಿನಲ್ಲಿ ಶಿಕಾಗೋದಲ್ಲಿ ಆರಂಭವಾಯಿತು. ಇಂದು ಸುಮಾರು 3,000 ಶಾಖೆಗಳೂ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಸದಸ್ಯೆಯರೂ ಇದ್ದಾರೆ.

ಸದಸ್ಯತ್ವದ ನಿಯಮ ಕೇಳಲು ಸರಳ, ಪೂರೈಸಲು ಕಠಿಣ. ಹದಿನೆಂಟು ವರ್ಷ ತುಂಬಿದ ಯಾವ ಮಹಿಳೆಯೂ, 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಮೊದಲ ಗುಂಡು ಹಾರಿದಂದಿನಿಂದ 1783ರ ನವೆಂಬರ್ 26ರವರೆಗಿನ ಅವಧಿಯಲ್ಲಿ ಸ್ವಾತಂತ್ರ್ಯಕ್ಕಾಗಿ ಸೇವೆ ಸಲ್ಲಿಸಿದ ಒಬ್ಬ ಪೂರ್ವಜರಿಗೆ ತಾನು ನೇರ ರಕ್ತಸಂಬಂಧದ ವಂಶಜೆಯೆಂದು ಸಾಬೀತುಪಡಿಸಿದರೆ ಸೇರಬಹುದು. ಸೇವೆ ಎಂದರೆ ಕೋವಿ ಹಿಡಿದು ಹೋರಾಡಿದ್ದು ಮಾತ್ರವೆಂದು ತಿಳಿಯಬಾರದು. ಸೈನ್ಯಕ್ಕೆ ಧಾನ್ಯ, ದನ ಒದಗಿಸಿದವರು, ಯುದ್ಧದ ಖರ್ಚಿಗೆಂದು ವಿಧಿಸಿದ ತೆರಿಗೆ ಕಟ್ಟಿದವರು, ನಿಷ್ಠೆಯ ಪ್ರತಿಜ್ಞೆಗೆ ಸಹಿ ಹಾಕಿದವರು, ಊರಿನ ಆಡಳಿತದ ಹೊಣೆ ಹೊತ್ತವರು ಎಲ್ಲರೂ ಈ ಲೆಕ್ಕದಲ್ಲಿ ಬರುತ್ತಾರೆ. ಅಮೆರಿಕನ್ನರ ಪರವಾಗಿ ಹೋರಾಡಿದ ಫ್ರೆಂಚರು ಮತ್ತು ಸ್ಪೇನಿನವರೂ ಬರುತ್ತಾರೆ. ಆದರೆ ಮನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು ಪುರಾವೆಯಾಗುವುದಿಲ್ಲ. ಪ್ರತಿ ತಲೆಮಾರಿನ ಕೊಂಡಿಗೂ ಜನನ, ಮದುವೆ, ಮರಣದ ದಾಖಲೆಗಳನ್ನು ತೋರಿಸಬೇಕು; ಅದಿಲ್ಲವಾದರೆ ಉಯಿಲು, ಭೂದಾಖಲೆ, ಜನಗಣತಿಯ ಹಾಳೆ, ಮನೆಯ ಬೈಬಲ್ಲಿನ ಮೊದಲ ಪುಟಗಳಲ್ಲಿ ಬರೆದಿಟ್ಟ ಹೆಸರುಗಳು ಬೇಕು.

ಶಾಖೆಯ ಮುಖ್ಯಸ್ಥೆಯನ್ನು ರೀಜೆಂಟ್ ಎನ್ನುತ್ತಾರೆ. ಆದರೆ ಶಾಖೆಯ ಜೀವಾಳ, ನನ್ನ ದೃಷ್ಟಿಯಲ್ಲಿ, ಅದರ ರಿಜಿಸ್ಟ್ರಾರ್. ಹೊಸದಾಗಿ ಸೇರಬಯಸುವವರ ಜೊತೆ ಕುಳಿತು, ಏಳೆಂಟು ತಲೆಮಾರುಗಳ ಹಿಂದಿನವರೆಗೆ ಎಳೆ ಹಿಡಿದು ಹೋಗಿ, ಕಡಿದುಹೋದಲ್ಲಿ ಯಾವ ಜಿಲ್ಲೆಯ ಕಚೇರಿಯಲ್ಲಿ ಯಾವ ಕಡತ ಹುಡುಕಬೇಕೆಂದು ಹೇಳಿಕೊಡುವವಳು ಅವಳೇ. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತು ಹೊಡೆದುಕೊಂಡು ಮನೆಮನೆಗೆ ಬಂದು, ಆ ಮನೆತನದ ಮೂಲಪುರುಷನಿಂದ ನಿನ್ನೆ ಹುಟ್ಟಿದ ಕೂಸಿನವರೆಗೆ ವಂಶಾವಳಿಯನ್ನು ಒಪ್ಪಿಸುವುದನ್ನು ಕಂಡವರಿಗೆ ಈ ಕೆಲಸದ ಆಳ ಅರ್ಥವಾದೀತು. ಹೆಳವರು ಪರಂಪರೆಯಿಂದ ಪಡೆದು ಕಾಪಾಡುವುದನ್ನು ಇಲ್ಲಿ ಊರಿನ ಗೃಹಿಣಿಯರು, ನಿವೃತ್ತ ಶಿಕ್ಷಕಿಯರು ಸ್ವಯಂಸೇವೆಯಾಗಿ ಮಾಡಿಕೊಂಡು ಬಂದಿದ್ದಾರೆ. 1913ರಿಂದೀಚೆಗೆ ಶಾಖೆಗಳ ಸದಸ್ಯೆಯರು ಪಾಳುಬಿದ್ದ ಸ್ಮಶಾನಗಳ ಕಲ್ಲುಬರಹಗಳನ್ನೂ ಚರ್ಚಿನ ದೀಕ್ಷಾ ಪಟ್ಟಿಗಳನ್ನೂ ಮನೆಗಳ ಬೈಬಲ್ ಪುಟಗಳನ್ನೂ ನಕಲು ಮಾಡಿ ಬೆರಳಚ್ಚಿಸಿ ಕಳುಹಿಸಿದ ಸಂಪುಟಗಳು ವಾಷಿಂಗ್ಟನ್ನಿನ ಡಿಎಆರ್ ಗ್ರಂಥಾಲಯದಲ್ಲಿ ಸುಮಾರು 20,000 ಇವೆ. ಅವುಗಳಲ್ಲಿನ ಎಷ್ಟೋ ಮೂಲಕಲ್ಲುಗಳು ಈಗ ಸವೆದು ಅಳಿಸಿಹೋಗಿವೆ, ಎಷ್ಟೋ ಚರ್ಚುಗಳು ಸುಟ್ಟುಹೋಗಿವೆ. ಸದಸ್ಯೆಯರಲ್ಲದ ಸಂಶೋಧಕರಿಗೂ ಆ ಗ್ರಂಥಾಲಯದ ಬಾಗಿಲು ತೆರೆದಿದೆ. ಈ ಒಂದು ಕೆಲಸಕ್ಕಾಗಿಯೇ ಅಮೆರಿಕದ ಇತಿಹಾಸಕಾರರು ಈ ಸಂಘಕ್ಕೆ ಋಣಿಯಾಗಿರಬೇಕೆಂದು ನಾನು ನಂಬುತ್ತೇನೆ.

ಹೋರಾಟಗಾರರ ಸ್ವಂತ ಹೆಣ್ಣುಮಕ್ಕಳೇ ಇನ್ನೂ ಬದುಕಿದ್ದ ಕಾಲದಲ್ಲಿ ಸಂಘ ಹುಟ್ಟಿತೆಂಬುದನ್ನೂ ನೆನೆಯಬೇಕು. ತಂದೆಯ ಇಳಿವಯಸ್ಸಿನಲ್ಲಿ ಹುಟ್ಟಿದ ಇಂಥ 767 ಹೆಣ್ಣುಮಕ್ಕಳು ಸದಸ್ಯೆಯರಾದರು. ಸಂಘ ಅವರಿಗೆ ಚಿನ್ನದ ಚಮಚವನ್ನು ನೆನಪಿನ ಕಾಣಿಕೆಯಾಗಿ ಕೊಟ್ಟಿತು, ಬಡತನದಲ್ಲಿದ್ದವರಿಗೆ ಹಣದ ನೆರವು ನೀಡಿತು.

ನೀವಿರುವ ವರ್ಜೀನಿಯಾದಲ್ಲೇ ಸ್ಥಳೀಯ ಶಾಖೆಯೊಂದು ಏನು ಮಾಡಬಲ್ಲದು ಎಂಬುದಕ್ಕೆ ಒಳ್ಳೆಯ ನಿದರ್ಶನವಿದೆ. ಯಾರ್ಕ್‌ಟೌನಿನಲ್ಲಿ 1720ರ ದಶಕದ ಸುಮಾರಿಗೆ ರಿಚರ್ಡ್ ಆಂಬ್ಲರ್ ಎಂಬ ವರ್ತಕ ಕಟ್ಟಿಸಿದ, ಸುಂಕದ ಕಟ್ಟೆಯೆಂದು ಪ್ರಸಿದ್ಧವಾದ ಇಟ್ಟಿಗೆಯ ಕಟ್ಟಡವನ್ನು 1924ರಲ್ಲಿ ಅಲ್ಲಿನ ‘ಕೌಂಟ್ ದ ಗ್ರಾಸ್’ ಶಾಖೆಯ ಮಹಿಳೆಯರು ಕೊಂಡು ದುರಸ್ತಿ ಮಾಡಿ ಉಳಿಸಿಕೊಂಡರು. ಶಾಖೆಗೆ ಹೆಸರು ಕೊಟ್ಟ ದ ಗ್ರಾಸ್, ಸಮುದ್ರದ ದಾರಿಯನ್ನು ಮುಚ್ಚಿ ಬ್ರಿಟಿಷರ ಸೋಲಿಗೆ ಕಾರಣನಾದ ಫ್ರೆಂಚ್ ನೌಕಾಧಿಪತಿ. 1781ರ ಅಕ್ಟೋಬರ್ 19ರಂದು ಆ ಊರಿನಲ್ಲಿ ಶರಣಾದ ಸೇನಾಪತಿ ಕಾರ್ನ್‌ವಾಲಿಸನೇ ಮುಂದೆ ಭಾರತದ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದವನು. ಇನ್ನೂ ಒಂದು ನಂಟಿದೆ. ಮೈಸೂರಿನ ಹೈದರಾಲಿ ಬ್ರಿಟಿಷರನ್ನು ಸೋಲಿಸಿದ ಸುದ್ದಿ ಅಮೆರಿಕದವರೆಗೆ ತಲುಪಿದ್ದರಿಂದ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ‘ಹೈದರ್ ಆಲಿ’ ಎಂದೇ ಹೆಸರಿಟ್ಟರು. ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಕನ್ನಡನಾಡಿನ ಅರಸನ ಹೆಸರು ಹೊತ್ತ ಆ ಹಡಗಿನ ನಾವಿಕರ ಸೇವೆಯೂ ಡಿಎಆರ್ ಎಣಿಸುವ ಅವಧಿಯೊಳಗೇ ಬರುತ್ತದೆ. ನಿಮ್ಮ ಮಗಳಿಗೆ ಇದು ತಿಳಿದಿರಲಿ.

ಸೇವೆಯ ವಿಷಯದಲ್ಲಿ ಸಂಘದ ಮೊದಲ ದೊಡ್ಡ ಪರೀಕ್ಷೆ 1898ರ ಸ್ಪೇನ್–ಅಮೆರಿಕ ಯುದ್ಧ. ಸೇನಾ ಶಿಬಿರಗಳಲ್ಲಿ ವಿಷಮಶೀತಜ್ವರ ಹರಡಿ ಸೈನಿಕರು ಸಾಯುತ್ತಿದ್ದಾಗ, ಸೇನೆಗೆ ತರಬೇತಿ ಪಡೆದ ದಾದಿಯರು ಬೇಕಾದರು. ಸಂಘದ ಪದಾಧಿಕಾರಿಯಾಗಿದ್ದ ವೈದ್ಯೆ ಅನಿಟಾ ನ್ಯೂಕಂಬ್ ಮೆಕ್‌ಗೀ ಅವರ ನೇತೃತ್ವದಲ್ಲಿ ಸದಸ್ಯೆಯರು ಸಾವಿರಾರು ಅರ್ಜಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಅರ್ಹರಾದ ಸುಮಾರು ಸಾವಿರ ದಾದಿಯರನ್ನು ಆರಿಸಿಕೊಟ್ಟರು. ಈ ಅನುಭವದ ಬಲದಿಂದಲೇ ಮೆಕ್‌ಗೀ ಕಾನೂನಿನ ಕರಡನ್ನು ಸಿದ್ಧಪಡಿಸಿದರು, 1901ರಲ್ಲಿ ಅಮೆರಿಕದ ಸೇನೆಯಲ್ಲಿ ದಾದಿಯರ ಶಾಶ್ವತ ದಳ ರೂಪುಗೊಂಡಿತು. ಮೊದಲ ಮಹಾಯುದ್ಧದಲ್ಲಿ ನೆಲಸಮವಾದ ಫ್ರಾನ್ಸಿನ ತಿಲ್ಲೊಲುವಾ ಗ್ರಾಮಕ್ಕೆ ನೀರಿನ ವ್ಯವಸ್ಥೆ ಮಾಡಿಸಲು ಶಾಖೆಗಳು ಹಣ ಕೂಡಿಸಿದವು. ಶಾಲೆಗಳೇ ಇಲ್ಲದ ಗುಡ್ಡಗಾಡಿನ ಮಕ್ಕಳಿಗಾಗಿ 1919ರಲ್ಲಿ ದಕ್ಷಿಣ ಕ್ಯಾರೊಲಿನಾದ ಟಮಾಸೀಯಲ್ಲೂ 1924ರಲ್ಲಿ ಅಲಬಾಮಾದ ಗಂಟರ್ ಬೆಟ್ಟದ ಮೇಲೂ ಶಾಲೆಗಳನ್ನು ತೆರೆಯಲಾಯಿತು.

ವಲಸಿಗರೊಂದಿಗಿನ ಸಂಘದ ಸಂಬಂಧ ನಿಮಗೆ ಹೆಚ್ಚು ಹತ್ತಿರದ ವಿಷಯ, ಮತ್ತು ಅದು ಹೆಚ್ಚು ತೊಡಕಿನದೂ ಹೌದು. 1921ರಿಂದ ಸಂಘವು ಹೊಸಬರಿಗಾಗಿ ಪೌರತ್ವದ ಕೈಪಿಡಿಯನ್ನು ಹಲವು ಭಾಷೆಗಳಲ್ಲಿ ಮುದ್ರಿಸಿ ಉಚಿತವಾಗಿ ಹಂಚಿತು. ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಪ್ರವೇಶಕ್ಕಾಗಿ ವಾರಗಟ್ಟಲೆ ಕಾಯುತ್ತಾ ಕಂಗೆಟ್ಟಿದ್ದ ಹೆಂಗಸರಿಗೆ ಸದಸ್ಯೆಯರು ನೂಲು, ಬಟ್ಟೆ, ಸೂಜಿ ಒದಗಿಸಿ ಕೈಕೆಲಸ ಕಲ್ಪಿಸಿದರು. ಆದರೆ ಅದೇ ದಶಕದಲ್ಲಿ ಸಂಘವು ವಲಸೆಯನ್ನು ಬಿಗಿಯಾಗಿ ಮಿತಿಗೊಳಿಸುವ ಕಾನೂನುಗಳನ್ನು ಬೆಂಬಲಿಸಿತು. ಬಂದವರನ್ನು ಆದರಿಸುವುದು, ಬರಲಿರುವವರಿಗೆ ಬಾಗಿಲು ಮುಚ್ಚುವುದು ಎರಡೂ ಒಟ್ಟಿಗೆ ನಡೆದವು. ಭಾರತೀಯರಿಗಂತೂ ಆ ಕೈಪಿಡಿಯಿಂದ ಆಗ ಯಾವ ಪ್ರಯೋಜನವೂ ಇರಲಿಲ್ಲ. ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತ್ತು, ಆ ನಿರ್ಬಂಧ ತೆರವಾದದ್ದು 1946ರಲ್ಲಿ. ನಿಮ್ಮ ಕೈಗೆ ಧ್ವಜವಿತ್ತ ಆ ಹಿರಿಯರು ನಿಂತಿದ್ದು ಈ ಎಲ್ಲ ಇತಿಹಾಸದ ಈಚೆಯ ದಡದಲ್ಲಿ.

1920ರ ದಶಕದಲ್ಲಿ ಸಂಘದ ಮುಂದಾಳುಗಳನ್ನು ಕಮ್ಯುನಿಸ್ಟ್ ಕ್ರಾಂತಿಕಾರಿಗಳ ಭಯವೂ ಹಿಡಿದಿತ್ತು. ಯಾರನ್ನು ಶಾಖೆಗಳ ವೇದಿಕೆಗೆ ಕರೆಯಬಾರದೆಂಬ ರಹಸ್ಯ ಪಟ್ಟಿಗಳು ಓಡಾಡಿದವು. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಜೇನ್ ಆ್ಯಡಮ್ಸ್ ಕೂಡ ಸಂಶಯಿತರ ಸಾಲಿನಲ್ಲಿದ್ದರು. ಇದನ್ನು ಬಯಲಿಗೆಳೆದವರು ಹೊರಗಿನವರಲ್ಲ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜಿನ ಸದಸ್ಯೆ ಹೆಲೆನ್ ಟಫ್ಟ್ಸ್ ಬೈಲಿ. ಅದಕ್ಕಾಗಿ 1928ರಲ್ಲಿ ಅವರನ್ನು ಸಂಘದಿಂದ ಹೊರಹಾಕಲಾಯಿತು. ಈ ಸಂಘದ ಧೈರ್ಯವಂತರ ಹೆಸರುಗಳನ್ನು ಬರೆಯುವಾಗ ಬೈಲಿಯವರ ಹೆಸರನ್ನು ಬಿಡಬಾರದು.

ಈಗ ನಿಮ್ಮ ಪರಿಚಿತರು ಹೇಳಿದ ಪ್ರಸಂಗಕ್ಕೆ ಬರುತ್ತೇನೆ. 1929ರಲ್ಲಿ ಸಂಘ ವಾಷಿಂಗ್ಟನ್ನಿನಲ್ಲಿ ಕಾನ್ಸ್ಟಿಟ್ಯೂಷನ್ ಹಾಲ್ ಎಂಬ ಭವ್ಯ ಸಭಾಂಗಣವನ್ನು ಕಟ್ಟಿಸಿತು. ನಗರದಲ್ಲಿ ಅಷ್ಟು ದೊಡ್ಡದು ಬೇರೆ ಇರಲಿಲ್ಲ. 1932ರಲ್ಲಿ, ಅಲ್ಲಿ ಬಿಳಿಯ ಕಲಾವಿದರು ಮಾತ್ರ ಕಾರ್ಯಕ್ರಮ ನೀಡಬೇಕೆಂಬ ಷರತ್ತನ್ನು ಬಾಡಿಗೆಯ ಕರಾರಿಗೆ ಸೇರಿಸಿತು. 1939ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯವು ವಿಶ್ವವಿಖ್ಯಾತ ಗಾಯಕಿ ಮೇರಿಯನ್ ಆ್ಯಂಡರ್ಸನ್ ಅವರ ಗಾಯನಕ್ಕಾಗಿ ಸಭಾಂಗಣ ಕೇಳಿದಾಗ ಅದನ್ನು ನಿರಾಕರಿಸಿತು. ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಸಂಘಕ್ಕೆ ರಾಜೀನಾಮೆಯಿತ್ತರು. ಅದೇ ವರ್ಷ ಏಪ್ರಿಲ್ 9ರಂದು, ಈಸ್ಟರ್ ಭಾನುವಾರ, ಆ್ಯಂಡರ್ಸನ್ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಸುಮಾರು 75,000 ಜನರೆದುರು ಹಾಡಿದರು, ದೇಶವೆಲ್ಲ ರೇಡಿಯೋದಲ್ಲಿ ಕೇಳಿತು. ಮುಂದೆ ಅವರು 1943ರಲ್ಲಿ ಅದೇ ಸಭಾಂಗಣದಲ್ಲಿ ಹಾಡಿದರು. 1964ರ ತಮ್ಮ ವಿದಾಯದ ಪ್ರವಾಸವನ್ನೂ ಅಲ್ಲಿಂದಲೇ ಆರಂಭಿಸಿದರು. ಈ ಔದಾರ್ಯ ಆ್ಯಂಡರ್ಸನ್ ಅವರದು. ಸಂಘದ ತಪ್ಪನ್ನು ‘ಆ ಕಾಲವೇ ಹಾಗಿತ್ತು’ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ತಪ್ಪೆಂದು ಆ ಕಾಲದವರೇ ಎದುರಿಗೆ ನಿಂತು ಹೇಳಿದ್ದರು.

ಹೆಚ್ಚು ವಿಷಾದದ ಸಂಗತಿಯೆಂದರೆ, ಸಂಘವು ತಾನೇ ಸಂಗ್ರಹಿಸಿ ಪೂಜ್ಯವೆಂದು ಇಟ್ಟುಕೊಂಡಿದ್ದ ಇತಿಹಾಸ ಬೇರೆಯದನ್ನೇ ಹೇಳುತ್ತಿತ್ತು. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸಾವಿರಾರು ಆಫ್ರಿಕನ್ ಮೂಲದವರೂ ಸ್ಥಳೀಯ ಮೂಲನಿವಾಸಿಗಳೂ ಅಮೆರಿಕದ ಪರವಾಗಿ ಹೋರಾಡಿದ್ದರು. ಬಿಳಿಯ ಯೋಧರಿಗೂ ಕಪ್ಪು ವಂಶಜರಿದ್ದರು. 1977ರಲ್ಲಿ ಡೆಟ್ರಾಯಿಟ್ಟಿನ ಕರೆನ್ ಬ್ಯಾಚಲರ್, ಪೆನ್ಸಿಲ್ವೇನಿಯಾದ ನಾಗರಿಕ ಸೇನೆಯಲ್ಲಿದ್ದ ವಿಲಿಯಂ ಹುಡ್ ಎಂಬ ಪೂರ್ವಜನವರೆಗೆ ತನ್ನ ವಂಶದ ಎಳೆಯನ್ನು ದಾಖಲೆಗಳಿಂದ ಸಾಬೀತುಪಡಿಸಿ ಮಿಷಿಗನ್ನಿನ ಶಾಖೆಯೊಂದನ್ನು ಸೇರಿದರು. ತಿಳಿದಿರುವಂತೆ ಅವರೇ ಮೊದಲ ಆಫ್ರಿಕನ್ ಅಮೆರಿಕನ್ ಸದಸ್ಯೆ. ವಾಷಿಂಗ್ಟನ್ನಿನ ಲೀನಾ ಸ್ಯಾಂಟೋಸ್ ಫರ್ಗ್ಯುಸನ್ ಅವರಿಗೆ ಹಾದಿ ಅಷ್ಟು ಸುಲಭವಾಗಿರಲಿಲ್ಲ. ದಾಖಲೆಗಳೆಲ್ಲ ಸರಿಯಾಗಿದ್ದರೂ ಸ್ಥಳೀಯ ಶಾಖೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರು ಪಟ್ಟುಬಿಡದೆ ಹೋರಾಡಿ, 1984ರಲ್ಲಿ ಸಂಘದೊಂದಿಗೆ ಒಪ್ಪಂದವಾದಾಗ ತನ್ನ ಸದಸ್ಯತ್ವಕ್ಕಷ್ಟೇ ತೃಪ್ತರಾಗಲಿಲ್ಲ. ಜನಾಂಗಭೇದವನ್ನು ನಿಷೇಧಿಸುವ ನಿಯಮ ಬರಬೇಕು, ಸಂಗ್ರಾಮದಲ್ಲಿ ಪಾಲ್ಗೊಂಡ ಕಪ್ಪು ಜನರನ್ನು ಕುರಿತು ಸಂಘ ಸಂಶೋಧನೆ ನಡೆಸಬೇಕು ಎಂಬುದನ್ನೂ ಸಾಧಿಸಿಕೊಂಡರು. ಅದರ ಫಲವಾಗಿ ಬೆಳೆದ ಸಂಶೋಧನೆಯಿಂದ, ಮರೆತುಹೋಗಿದ್ದ ಆಫ್ರಿಕನ್ ಅಮೆರಿಕನ್ ಮತ್ತು ಮೂಲನಿವಾಸಿ ದೇಶಭಕ್ತರ ಸಾವಿರಾರು ಹೆಸರುಗಳುಳ್ಳ ಬೃಹತ್ ಗ್ರಂಥವನ್ನು ಸಂಘವೇ 2008ರಲ್ಲಿ ಪ್ರಕಟಿಸಿತು. 2012ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ವಿಲ್ಹೆಲ್ಮಿನಾ ರೋಡ್ಸ್ ಕೆಲ್ಲಿ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆ ಹೊಸ ಶಾಖೆಯನ್ನೇ ಕಟ್ಟಿ ಅದರ ರೀಜೆಂಟ್ ಆದರು. 2019ರಲ್ಲಿ ಇಡೀ ರಾಜ್ಯದ ರೀಜೆಂಟ್ ಆದರು.

ಇವರೆಲ್ಲರನ್ನು ಒಳಗೆ ತಂದದ್ದು ಯಾರ ದಯೆಯೂ ಅಲ್ಲ. ಉಯಿಲು, ಜನಗಣತಿ, ಮದುವೆಯ ದಾಖಲೆ ಎಂದು ಸಂಘವೇ ವಿಧಿಸಿದ್ದ ಪುರಾವೆಗಳನ್ನು ಅವರು ಸಂಘದ ಮೇಜಿನ ಮೇಲೆಯೇ ಇಟ್ಟರು. ದಾಖಲೆಯನ್ನು ನಿಷ್ಠೆಯಿಂದ ಕಾಪಾಡುವ ಸಂಘಕ್ಕೆ ಆ ದಾಖಲೆಯ ಮಾತನ್ನು ಕೊನೆಯವರೆಗೂ ಅಲ್ಲಗಳೆಯಲು ಆಗಲಿಲ್ಲ.

ಇಂದಿನ ಶಾಖೆಗಳ ಕೆಲಸ ಸದ್ದಿಲ್ಲದ್ದು. ಸಂಘದ ಮನವಿಯ ಮೇರೆಗೆ 1956ರಲ್ಲಿ ಕಾನೂನಾಗಿ ಜಾರಿಗೆ ಬಂದ ಸಂವಿಧಾನ ಸಪ್ತಾಹವನ್ನು ಪ್ರತಿ ವರ್ಷ ಸೆಪ್ಟೆಂಬರ್ 17ರಿಂದ 23ರವರೆಗೆ ಶಾಲೆ, ಗ್ರಂಥಾಲಯಗಳಲ್ಲಿ ಆಚರಿಸುತ್ತಾರೆ. ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ನೆರವಾಗುತ್ತಾರೆ, ಸಮಾಧಿಗಳನ್ನು ಗುರುತಿಸಿ ಫಲಕ ಹಾಕುತ್ತಾರೆ, ವಿದ್ಯಾರ್ಥಿವೇತನ ಕೊಡುತ್ತಾರೆ, ಪೌರತ್ವದ ಸಮಾರಂಭಗಳಿಗೆ ಹೋಗುತ್ತಾರೆ.

ನೀವು ಸದಸ್ಯೆಯಾಗುವ ಪ್ರಶ್ನೆ ಬರುವುದಿಲ್ಲ. ರಕ್ತಸಂಬಂಧದ ಪೂರ್ವಜರೊಬ್ಬರು ಆ ಸಂಗ್ರಾಮದಲ್ಲಿ ಇರಲೇಬೇಕು. ಅಮೆರಿಕದ ಹಳೆಯ ಕುಟುಂಬದವರನ್ನು ಮದುವೆಯಾದ ಕನ್ನಡತಿಯರ ಹೆಣ್ಣುಮಕ್ಕಳು ತಂದೆಯ ಕಡೆಯ ಎಳೆಯಿಂದ ಸೇರಬಹುದು. ಅಂಥ ಮನೆಗಳು ಈಗ ಅಪರೂಪವಲ್ಲ. ಸದಸ್ಯತ್ವವಿಲ್ಲದೆಯೂ ಶಾಖೆಯ ಸಾರ್ವಜನಿಕ ಕಾರ್ಯಕ್ರಮಗಳಿಗೆ ಹೋಗಬಹುದು, ಸ್ಮಶಾನ ಶುಚಿಗೊಳಿಸುವ ದಿನ ಕೈಜೋಡಿಸಬಹುದು.

ಮಗಳ ಪ್ರಬಂಧದ ಬಗ್ಗೆ ನನ್ನದೊಂದು ಸಲಹೆ. ಪ್ರತಿ ವರ್ಷ ಸಂಘವು ಒಂದು ವಿಷಯವನ್ನು ಕೊಡುತ್ತದೆ. ಪದಗಳ ಮಿತಿ, ಗ್ರಂಥಸೂಚಿಯ ಕ್ರಮ, ಕೊನೆಯ ದಿನಾಂಕವನ್ನು ಶಾಲೆಯ ಶಿಕ್ಷಕರಿಂದ ಅಥವಾ ಶಾಖೆಯಿಂದ ಮೊದಲೇ ಖಚಿತಪಡಿಸಿಕೊಳ್ಳಿ. ಆ ವಿಷಯದ ಚೌಕಟ್ಟಿನಲ್ಲೇ ನಿಮ್ಮ ಊರಿನ ನೆಲಕ್ಕೆ ಸೇರಿದ ಒಬ್ಬ ವ್ಯಕ್ತಿಯನ್ನೋ ಒಂದು ಸ್ಥಳವನ್ನೋ ಅವಳು ಆರಿಸಿಕೊಳ್ಳಲಿ, ಸಾಧ್ಯವಾದರೆ ಅದರ ಮೂಲ ದಾಖಲೆಯೊಂದನ್ನಾದರೂ ಜಿಲ್ಲಾ ಗ್ರಂಥಾಲಯದಲ್ಲಿ ಸ್ವತಃ ಓದಲಿ. ಯಾರ್ಕ್‌ಟೌನ್ ನಿಮಗೆ ದೂರವಲ್ಲ ಎಂದಾದರೆ ಒಂದು ಶನಿವಾರ ಕರೆದುಕೊಂಡು ಹೋಗಿ, ಕಾರ್ನ್‌ವಾಲಿಸನ ಸೇನೆ ಆಯುಧ ಕೆಳಗಿಟ್ಟ ಬಯಲನ್ನೂ ಆ ಸುಂಕದ ಕಟ್ಟೆಯನ್ನೂ ತೋರಿಸಿ. ಮೇರಿಯನ್ ಆ್ಯಂಡರ್ಸನ್ ಅವರ ಪ್ರಸಂಗವನ್ನೂ ಅವಳಿಗೆ ಮುಚ್ಚಿಡದೆ ಹೇಳಿ. ಹನ್ನೆರಡು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ.